ಪುಣೆಯ ಅಂಗಳಕ್ಕೆ ಬಯಲುಸೀಮೆಯ ಹೂಗಿಡ

ಪುಣೆ: ಊರಿನಿಂದ ಮರಳುವಾಗ ಹಪ್ಪಳ, ಉಪ್ಪಿನಕಾಯಿಗಳ ಜೊತೆ ಒಂದು ಅಡಿಕೆ ಸಸಿ, ವೀಳ್ಯದೆಲೆಯ ಬಳ್ಳಿ, ಶಂಕರಪುರ ಮಲ್ಲಿಗೆಯ ಗಿಡ ಕಟ್ಟಿಕೊಂಡು ಬರುವುದು ಇಲ್ಲಿ ನೆಲೆಸಿರುವ ಕರಾವಳಿ ಕನ್ನಡಿಗರಿಗೆ ಹೊಸತೇನಲ್ಲ. ಬಂಗಲೆ, ರೋ ಹೌಸ್‌ಗಳ ಮುಂದಿನ ತುಂಡು ಜಾಗದಲ್ಲಿ ತವರನ್ನೇ ಬೆಳೆಸುವ ಆಸೆ. ಮಳೆಗಾಲದಲ್ಲಿ ನಳನಳಿಸುವ ಆ ಗಿಡಗಳು ಏಪ್ರಿಲ್ ಬಂತೆಂದರೆ ಬಾಡುತ್ತವೆ. ಆಗ ಪೈಪು ಹಿಡಿದು ನಿಲ್ಲುವುದೇ ಕೆಲಸ.

ಮಂಗಳೂರು, ಉಡುಪಿಗಳಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಸುರಿದರೆ ಸಹ್ಯಾದ್ರಿಯ ಮಳೆನೆರಳಿನಲ್ಲಿರುವ ಪುಣೆಗೆ ಸಿಗುವುದು 700 ಮಿ.ಮೀ. ಆಸುಪಾಸು. ಮಳೆಯ ಲೆಕ್ಕದಲ್ಲಿ ಪುಣೆ ಧಾರವಾಡ, ವಿಜಯಪುರಗಳ ನೆಂಟ. ಖಡಕ್‌ವಾಸ್ಲಾ, ಪಾನ್‌ಶೇತ್, ವರಸಗಾಂವ್, ಟೇಮ್‌ಘರ್ ಅಣೆಕಟ್ಟುಗಳ ನೀರು ನಗರಕ್ಕೂ ಬೇಕು, ಕೆಳಗಿನ ಹೊಲಗಳಿಗೂ ಬೇಕು. 2015ರಲ್ಲಿ ಮುಂಗಾರು ಕೈಕೊಟ್ಟಾಗ ನಗರಕ್ಕೆ ತಿಂಗಳುಗಟ್ಟಲೆ ದಿನ ಬಿಟ್ಟು ದಿನ ನೀರು ಬಂದುದನ್ನು ಗೃಹಿಣಿಯರು ಮರೆತಿಲ್ಲ.

ಅಂಗಳದಲ್ಲಿ ಅತಿ ಹೆಚ್ಚು ನೀರು ಕುಡಿಯುವುದು ಹುಲ್ಲುಹಾಸು. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ನೀರೆಂದರೆ ಒಂದು ಲೀಟರ್. ನೂರು ಚದರ ಮೀಟರ್ ಹುಲ್ಲಿಗೆ ಬೇಸಿಗೆಯಲ್ಲಿ ದಿನಕ್ಕೆ ಐದೇ ಮಿ.ಮೀ. ಹಾಕಿದರೂ 500 ಲೀಟರ್ ಆಯಿತು. ತಲೆಗೆ 135 ಲೀಟರ್ ಎಂಬ ಸರಕಾರಿ ಲೆಕ್ಕದಂತೆ ಮೂರೂಮುಕ್ಕಾಲು ಮಂದಿಯ ಇಡೀ ದಿನದ ನೀರು! ಮಕ್ಕಳು ಆಡುವಷ್ಟು ಜಾಗಕ್ಕೆ ಹುಲ್ಲು ಬಿಟ್ಟು, ಉಳಿದ ಕಡೆ ಜಲ್ಲಿ ಹರಡಿ ನಡುವೆ ಕರಿಗಲ್ಲಿನ ಚಪ್ಪಡಿ ಹಾಕಿದರೆ ನೋಟಕ್ಕೂ ಚೆಂದ, ಮಳೆನೀರೂ ಇಂಗುತ್ತದೆ. ಸಿಮೆಂಟ್ ಮಾತ್ರ ಬೇಡ.

ಗಿಡಗಳ ವಿಷಯದಲ್ಲಿ ಉತ್ತರ ಕರ್ನಾಟಕದ ಬಂಧುಗಳನ್ನು ಕೇಳುವುದೇ ವಾಸಿ. ಅವರ ಹಿತ್ತಿಲಲ್ಲಿ ಗೋರಟೆ, ಕಣಗಿಲೆ, ನಿತ್ಯಪುಷ್ಪ, ದೇವಕಣಗಿಲೆಗಳು ಯಾರ ಉಪಚಾರವೂ ಇಲ್ಲದೆ ಹೂ ಬಿಡುತ್ತವೆ. ಕಾಗದದ ಹೂವಿನ ಬಳ್ಳಿಗಂತೂ ನೀರು ಹೆಚ್ಚಾದರೆ ಎಲೆಯೇ ಹೆಚ್ಚು, ಹೂ ಕಡಿಮೆ. ನೆರಳಿಗೆ ಕಕ್ಕೆ ಮರ, ಅಡುಗೆಗೆ ನುಗ್ಗೆ, ಕರಿಬೇವು. ಕಣಗಿಲೆಯ ಎಲ್ಲ ಭಾಗವೂ ವಿಷವಾದ್ದರಿಂದ ಪುಟ್ಟ ಮಕ್ಕಳಿರುವ ಮನೆಯವರು ಅದನ್ನು ದೂರವಿಡಬೇಕು. ಇಲ್ಲಿನ ನರ್ಸರಿಯಲ್ಲಿ ಕನ್ನಡದ ಹೆಸರು ಹೇಳಿದರೆ ಮಾಲಿ ಮುಖ ನೋಡುತ್ತಾನೆ. ಗೋರಟೆಗೆ ಕೋರಾಂಟಿ, ನಿತ್ಯಪುಷ್ಪಕ್ಕೆ ಸದಾಫುಲಿ, ಕಕ್ಕೆಗೆ ಬಹಾವಾ, ನುಗ್ಗೆಗೆ ಶೇವಗಾ ಎನ್ನಬೇಕು.

ನೆಡಲು ಜೂನ್, ಜುಲೈ ಸೂಕ್ತ. ಬೇರು ಆಳಕ್ಕಿಳಿಯಲು ಮಳೆ ನೆರವಾಗುತ್ತದೆ. ಒಣಭೂಮಿಯ ಗಿಡವೆಂದು ಮೊದಲ ಬೇಸಿಗೆಯಲ್ಲೇ ಕೈಬಿಟ್ಟರೆ ಅದೂ ಒಣಗೀತು. ಒಂದು ವರ್ಷ ನೀರು ಬೇಕೇ ಬೇಕು. ಇದಕ್ಕೆ ಹಳೆಯ ಉಪಾಯವೊಂದಿದೆ: ಮೆರುಗು ಹಚ್ಚದ ಮಣ್ಣಿನ ಗಡಿಗೆಯನ್ನು ಗಿಡದ ಪಕ್ಕ ಕುತ್ತಿಗೆಯವರೆಗೆ ಹೂತು, ನೀರು ತುಂಬಿ, ಬಾಯಿ ಮುಚ್ಚಬೇಕು. ಸುತ್ತಲ ಮಣ್ಣು ಒಣಗಿದಷ್ಟೂ ನೀರು ತಾನಾಗಿ ಜಿನುಗುತ್ತದೆ. ಬುಡಕ್ಕೆ ತರಗೆಲೆಯ ದಪ್ಪ ಹೊದಿಕೆ ಹಾಕಿದರೆ ತೇವ ಬೇಗ ಆರದು. ಗುಡಿಸಿ ಸುಡುವ ಎಲೆಗಳು ಹೀಗೆ ಕೆಲಸಕ್ಕೆ ಬರುತ್ತವೆ.

ಹಾಗೆಂದು ಊರಿನ ಮಲ್ಲಿಗೆ ಬೇಡವೆಂದಲ್ಲ. ಅಡುಗೆಮನೆಯ ಬಾಗಿಲ ಬಳಿ ಒಂದು ಬುಡವಿರಲಿ, ಅಕ್ಕಿ, ತರಕಾರಿ ತೊಳೆದ ನೀರು ದಿನವೂ ಅದಕ್ಕೇ ಹೋಗಲಿ. ಅಡಿಕೆಯನ್ನು ಮಾತ್ರ ಊರಿನಲ್ಲೇ ಬಿಟ್ಟು ಬರುವುದು ಲೇಸು.