ತಡೆಯ ವ್ಯಾಕರಣ

ಅರ್ಥವನ್ನು ಬೆಳೆಸುವುದಷ್ಟೇ ಭಾಷೆಯ ಕೆಲಸವಲ್ಲ. ತಡೆಯುವುದೂ ಅದರ ಕೆಲಸವೇ. ‘ಬರುವನು’ ಎಂಬುದು ‘ಬಾರನು’ ಎಂದಾದಾಗ ಕಿರಿದೊಂದು ಮಾರ್ಪಾಟಿನಿಂದ ಮಾತಿನ ದಿಕ್ಕೇ ತಿರುಗುತ್ತದೆ. ನಮ್ಮ ಮೈಯ ಜೀವಕೋಶಗಳಲ್ಲಿಯೂ ಇಂಥ ನಿಷೇಧದ ವ್ಯಾಕರಣವೊಂದುಂಟೆಂದರೆ ವಾಚಕರಿಗೆ ಸೋಜಿಗವಾದೀತು.

ವಂಶವಾಹಿಯನ್ನು ಮೂಲ ಹಸ್ತಪ್ರತಿಯೆಂದು ಭಾವಿಸೋಣ. ಅದರಿಂದ ಸಂದೇಶವಾಹಕ ಆರ್‌ಎನ್‌ಎ ಎಂಬ ನಕಲು ಇಳಿಯುತ್ತದೆ. ಅದನ್ನೋದಿ ಕೋಶವು ಪ್ರೋಟೀನನ್ನು ಕಟ್ಟುತ್ತದೆ. ಸುಮಾರು 22 ಅಕ್ಷರಗಳಷ್ಟೇ ಉದ್ದದ ಮೈಕ್ರೋ ಆರ್‌ಎನ್‌ಎ ಈ ನಕಲಿಗೆ ಅಂಟಿ ಓದನ್ನು ತಡೆಯುತ್ತದೆ. ಇಲ್ಲವೆ ನಕಲೇ ಅಳಿಯುವಂತೆ ಮಾಡುತ್ತದೆ. 1993ರಲ್ಲಿ ಅಮೆರಿಕದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕುನ್ ಇದನ್ನು ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ ಕಂಡರು. ಹುಳುವಿನ ವೈಚಿತ್ರ್ಯವೆಂದು ಹಲವರು ಅದನ್ನು ಉಪೇಕ್ಷಿಸಿದರು. ಇಂಥದೇ ಇನ್ನೊಂದು ಮನುಷ್ಯನಲ್ಲಿಯೂ ಇದೆಯೆಂದು 2000ದಲ್ಲಿ ತಿಳಿದ ಮೇಲೆ ಎಲ್ಲರ ದೃಷ್ಟಿ ಅತ್ತ ಹರಿಯಿತು. 2024ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕ ಸಂದಿತು.

ಚರ್ಮದ ತಳದ ಪದರಿನಲ್ಲಿ ಕೋಶಗಳು ಒಡೆದು ಹೆಚ್ಚುತ್ತವೆ. ಮೇಲೇರಿದಂತೆ ಹೆಚ್ಚುವುದನ್ನು ಬಿಟ್ಟು ಕವಚವಾಗುತ್ತವೆ. ‘ಇನ್ನು ಸಾಕು’ ಎನ್ನುವವರಲ್ಲಿ ಮೈಕ್ರೋ ಆರ್‌ಎನ್‌ಎ-203 ಒಂದೆಂದು 2008ರಲ್ಲಿ ತಿಳಿದುಬಂತು. ಚರ್ಮದ ಒಂದು ಬಗೆಯ ಅರ್ಬುದದಲ್ಲಿ ಇದು ಕುಗ್ಗಿರುವುದು ಕಂಡುಬಂದಿದೆ. ಅದೇ ವೇಳೆಗೆ 21ನೆಯದು ಮಿತಿಮೀರಿ ಬೆಳೆದು, ಅರ್ಬುದವನ್ನು ಹತ್ತಿಕ್ಕುವ ಪ್ರೋಟೀನುಗಳ ಬಾಯನ್ನೇ ಕಟ್ಟುತ್ತದೆ. ತಡೆಯಬೇಕಾದುದನ್ನು ಬಿಟ್ಟು, ಬಿಡಬೇಕಾದುದನ್ನು ತಡೆದರೆ ವಾಕ್ಯ ಕೆಡುವಂತೆ ಮೈಯೂ ಕೆಡುತ್ತದೆ.

ನರಗುಂದ ಸೀಮೆಯ ಚಿಕ್ಕನರಗುಂದದ ಎರೆಹೊಲಗಳಲ್ಲಿ ದಿನವಿಡೀ ಬಿಸಿಲಿಗೆ ಬೆನ್ನೊಡ್ಡಿ ದುಡಿಯುವವರಿಗೆ ಈ ಶಾಸ್ತ್ರದಿಂದೇನು ಪ್ರಯೋಜನ? ಕಪ್ಪು ಬಣ್ಣ ನಮಗೆ ನಿಸರ್ಗವಿತ್ತ ಕೊಡೆ. ಬಿಳಿಯರಿಗಿಂತ ನಮ್ಮಲ್ಲಿ ಈ ರೋಗ ಕಡಿಮೆಯೆಂಬುದು ನಿಜ. ಆದರೆ ಆ ಕೊಡೆ ಎಲ್ಲವನ್ನೂ ಕಾಯದು. ಹಳೆಯ ಸುಟ್ಟಗಾಯದ ಕಲೆಯಲ್ಲಿ, ವರ್ಷಾನುಗಟ್ಟಲೆ ಆರದ ಹುಣ್ಣಿನಲ್ಲಿ, ಬಿಸಿಲೇ ತಾಗದ ಅಂಗಾಲಿನ ಕರಿಮಚ್ಚೆಯಲ್ಲಿಯೂ ಅರ್ಬುದ ಹುಟ್ಟಬಲ್ಲುದು. ಅದು ಮೊದಮೊದಲು ನೋಯದಿರಬಹುದು, ಅಲ್ಲಿಯೇ ಅಪಾಯವಿದೆ.

ಮೈಕ್ರೋ ಆರ್‌ಎನ್‌ಎಯನ್ನೇ ಮದ್ದಾಗಿಸುವ ಯತ್ನಗಳು ಇನ್ನೂ ಪ್ರಯೋಗದ ಹಂತದಲ್ಲಿವೆ. ಇಂದು ರೋಗ ನಿರ್ಣಯವಾಗುವುದು ಹುಣ್ಣಿನ ತುಣುಕೊಂದನ್ನು ಸೂಕ್ಷ್ಮದರ್ಶಕದಡಿ ನೋಡುವುದರಿಂದ. ಬೇಗ ಕಂಡರೆ ಕತ್ತರಿಸಿ ತೆಗೆದು ಗುಣಪಡಿಸುವುದು ಬಹುಮಟ್ಟಿಗೆ ಸಾಧ್ಯ. ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆಯಿದೆ. ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆಯಿದೆ. ಆರದ ಹುಣ್ಣಿಗೆ ಅರಿಸಿನ ಮೆತ್ತಿ, ಸುಗ್ಗಿ ಮುಗಿಯಲೆಂದು ಕಾಯುವುದು ತರವಲ್ಲ. ಓದುಬಲ್ಲವರು ಮನೆಯ ಹಿರಿಯರ ಅಂಗಾಲನ್ನೊಮ್ಮೆ ನೋಡಲಿ.