ಸಮುದ್ರದ ವೇಳಾಪಟ್ಟಿ

ರೈಲಿನಲ್ಲಿ ಪ್ರಯಾಣ ಮಾಡುವವನು ಮೊದಲು ವೇಳಾಪಟ್ಟಿಯನ್ನು ನೋಡಿಕೊಳ್ಳುತ್ತಾನೆ. ಸ್ವಂತ ಮೋಟಾರಿನಲ್ಲಿ ಹೊರಟವನಿಗೆ ಆ ಕಟ್ಟಿಲ್ಲ. ಮನಸ್ಸು ಬಂದಾಗ ಹೊರಡಬಹುದು, ಬೇಕೆಂದಲ್ಲಿ ಡೇರೆ ಹಾಕಬಹುದು. ಆದರೆ ಮೋಟಾರಿನಿಂದಿಳಿದು ಕಡಲಿನ ಅಂಚನ್ನು ಹಿಡಿದು ನಡೆಯಬೇಕೆಂದಾಗ ಅವನೂ ಒಂದು ವೇಳಾಪಟ್ಟಿಗೆ ತಲೆಬಾಗಬೇಕಾಗುತ್ತದೆ. ಅದು ಸಮುದ್ರದ ಉಬ್ಬರವಿಳಿತಗಳ ಪಟ್ಟಿ. ಅದನ್ನು ಓದುವ ಬಗೆಯನ್ನು ಒಂದು ನಿದರ್ಶನದಿಂದ ತಿಳಿಯೋಣ.

ಅಮೆರಿಕ ಸಂಯುಕ್ತ ಸಂಸ್ಥಾನದ ವಾಯವ್ಯ ಮೂಲೆಯಲ್ಲಿ, ವಾಷಿಂಗ್ಟನ್ ರಾಜ್ಯದಲ್ಲಿ, ಒಲಿಂಪಿಕ್ ರಾಷ್ಟ್ರೀಯ ಉದ್ಯಾನವಿದೆ. 1938ರಲ್ಲಿ ಸ್ಥಾಪಿತವಾದ ಈ ಉದ್ಯಾನಕ್ಕೆ 1953ರಲ್ಲಿ ಪೆಸಿಫಿಕ್ ಸಾಗರತೀರದ ಉದ್ದನೆಯ ಭಾಗವೊಂದು ಸೇರಿತು. ಅಲ್ಲಿ ಒಸೆಟ್ ಎಂಬ ಸರೋವರದವರೆಗೆ ಮೋಟಾರು ಹೋಗುತ್ತದೆ. ಅದರ ದಡದಲ್ಲೇ ಡೇರೆ ಹಾಕಿ ತಂಗಲು ಸ್ಥಳವಿದೆ. ಅಲ್ಲಿಂದ ಕಾಡಿನೊಳಗೆ ಹಲಗೆ ಹಾಸಿದ ಹಾದಿಯಲ್ಲಿ 3.3 ಮೈಲಿ ನಡೆದರೆ ಅಲಾವಾ ಭೂಶಿರ. ತೀರವನ್ನು ಹಿಡಿದು ದಕ್ಷಿಣಕ್ಕೆ 3.1 ಮೈಲಿ ಸಾಗಿದರೆ ಸ್ಯಾಂಡ್ ಪಾಯಿಂಟ್; ಮತ್ತೆ ಕಾಡಿನಲ್ಲಿ ಸುಮಾರು 3 ಮೈಲಿ ಬಂದರೆ ಹೊರಟ ಸ್ಥಳ. ಈ ತ್ರಿಕೋಣವನ್ನು ಸುತ್ತುವುದು ಒಂದು ದಿನದ ಕೆಲಸ.

ತೊಡಕಿರುವುದು ತ್ರಿಕೋಣದ ಕಡಲ ಬದಿಯಲ್ಲಿ. ಅಲ್ಲಲ್ಲಿ ಬಂಡೆಯ ಚಾಚುಗಳು ಸಮುದ್ರದೊಳಕ್ಕೆ ನುಗ್ಗಿವೆ. ನೀರಿಳಿದಾಗ ಅವುಗಳ ಬುಡವನ್ನು ಬಳಸಿ ಹೋಗಬಹುದು. ನೀರೇರಿದಾಗ ಆ ದಾರಿಯೇ ಇಲ್ಲ. ಎರಡು ಚಾಚುಗಳ ನಡುವೆ ಇರುವಾಗ ನೀರೇರಿತೆಂದರೆ ಮುಂದೆಯೂ ಹಿಂದೆಯೂ ಹೋಗುವಂತಿಲ್ಲ. ಕೆಲವು ಚಾಚುಗಳ ಮೇಲೆ ಹತ್ತಿಳಿಯುವ ಕಾಡುದಾರಿಗಳಿದ್ದು, ಕೆಂಪು ಕಪ್ಪು ಬಣ್ಣದ ದುಂಡು ಫಲಕಗಳು ಅವನ್ನು ತೋರಿಸುತ್ತವೆ. ಆದರೆ ಈ ಉದ್ಯಾನದ ತೀರದಲ್ಲೆಲ್ಲ ಅಂತಹ ಅನುಕೂಲವಿಲ್ಲ.

ನೀರು ಏರುವುದೇಕೆ?

ಚಂದ್ರನ ಆಕರ್ಷಣೆ ಭೂಮಿಯ ಎಲ್ಲ ಭಾಗಗಳ ಮೇಲೂ ಒಂದೇ ಪ್ರಮಾಣದಲ್ಲಿಲ್ಲ. ಅವನ ಕಡೆಗಿರುವ ಪಾರ್ಶ್ವದಲ್ಲಿ ಹೆಚ್ಚು, ಆಚೆಯ ಪಾರ್ಶ್ವದಲ್ಲಿ ಕಡಿಮೆ. ಈ ವ್ಯತ್ಯಾಸದಿಂದಾಗಿ ಸಾಗರದ ನೀರು ಎರಡು ಪಾರ್ಶ್ವಗಳಲ್ಲಿಯೂ ಉಬ್ಬಲು ಹವಣಿಸುತ್ತದೆ. ಆದ್ದರಿಂದಲೇ ಹಲವು ತೀರಗಳಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಸೂರ್ಯನ ಪ್ರಭಾವ ಚಂದ್ರನದರ ಅರ್ಧಕ್ಕಿಂತ ಕಡಿಮೆ. ಆದರೂ ಹುಣ್ಣಿಮೆ ಅಮಾವಾಸ್ಯೆಗಳ ಸುಮಾರಿಗೆ ಎರಡೂ ಕೂಡಿಕೊಂಡು ಉಬ್ಬರವು ಹೆಚ್ಚು ಮೇಲೇರುತ್ತದೆ, ಇಳಿತವು ಹೆಚ್ಚು ಕೆಳಗಿಳಿಯುತ್ತದೆ. ಸಾಗರದ ಆಳವೂ ತೀರದ ಆಕಾರವೂ ಈ ಚಲನೆಯನ್ನು ಬದಲಿಸುವುದರಿಂದ ಒಂದು ಊರಿನ ಪಟ್ಟಿ ಇನ್ನೊಂದು ಊರಿಗೆ ಸಲ್ಲದು. ಒಲಿಂಪಿಕ್ ತೀರದಲ್ಲಿ ದಿನದ ಎರಡು ಉಬ್ಬರಗಳು ಸಮವಾಗಿಯೂ ಇರುವುದಿಲ್ಲ.

ಭೂಮಿ ಒಂದು ಸುತ್ತು ತಿರುಗುವಷ್ಟರಲ್ಲಿ ಚಂದ್ರನು ಸ್ವಲ್ಪ ಮುಂದೆ ಸರಿದಿರುತ್ತಾನೆ. ಆದುದರಿಂದ ಉಬ್ಬರವಿಳಿತಗಳು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತವೆ. ಒಂದು ವಾರದಲ್ಲಿ ಈ ತಡ ಆರು ಗಂಟೆಗಳಷ್ಟಾಗುತ್ತದೆ. ಅಂದರೆ, ಈ ಶನಿವಾರ ಹತ್ತು ಗಂಟೆಗೆ ಇಳಿತವಿದ್ದಲ್ಲಿ ಮುಂದಿನ ಶನಿವಾರ ಅದೇ ವೇಳೆಗೆ ಉಬ್ಬರ! ಕಳೆದ ವಾರ ಹೋಗಿಬಂದವನ ಅನುಭವವನ್ನು ನೆಚ್ಚಿ ಹೊರಡುವವನು ಈ ಮಾತನ್ನು ನೆನಪಿಡಬೇಕು.

ಪಟ್ಟಿಯಿಂದ ದಿನಚರಿಗೆ

ಪಟ್ಟಿಯಲ್ಲಿ ಉಬ್ಬರವಿಳಿತಗಳ ವೇಳೆಯೂ ನೀರಿನ ಎತ್ತರವೂ ಇರುತ್ತವೆ. ಅಮೆರಿಕದ ಪಟ್ಟಿಗಳಲ್ಲಿ ಸೊನ್ನೆ ಎಂದರೆ ಪ್ರತಿದಿನದ ಇಳಿತಗಳಲ್ಲಿ ಹೆಚ್ಚು ತಗ್ಗಿನದರ ಸರಾಸರಿ ಮಟ್ಟ. ಋಣಚಿಹ್ನೆಯಿದ್ದರೆ ನೀರು ಅದಕ್ಕೂ ಕೆಳಗಿಳಿಯುವುದೆಂದು ಅರ್ಥ. ನಡುವಣ ಗಂಟೆಗಳಿಗೆ ನಾವಿಕರು ಬಳಸುವ ಒಂದು ಸ್ಥೂಲ ಸೂತ್ರವಿದೆ. ಒಟ್ಟು ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ, ಆರು ಗಂಟೆಗಳಲ್ಲಿ ನೀರು ಕ್ರಮವಾಗಿ 1, 2, 3, 3, 2, 1 ಪಾಲು ಏರುತ್ತದೆ. ಆರಂಭದ ನಿಧಾನವನ್ನು ಕಂಡು ಮೋಸಹೋಗಬಾರದು. ಮೂರನೆಯ ಗಂಟೆಯಲ್ಲಿ ಏರಿಕೆ ಮೊದಲ ಗಂಟೆಯದರ ಮೂರರಷ್ಟು.

ಬೆಳಗಿನ 10ಕ್ಕೆ ಇಳಿತ, ಎತ್ತರ 0 ಅಡಿ. ಸಂಜೆ 4ಕ್ಕೆ ಉಬ್ಬರ, ಎತ್ತರ 6 ಅಡಿ ಎಂದಿಟ್ಟುಕೊಳ್ಳೋಣ. ಒಂದು ಚಾಚನ್ನು 2 ಅಡಿಗಿಂತ ಕಡಿಮೆ ನೀರಿರುವಾಗ ಮಾತ್ರ ದಾಟಬಹುದೆಂದೂ ಭಾವಿಸೋಣ. ನೀರು 11ಕ್ಕೆ ಅರ್ಧ ಅಡಿ, 12ಕ್ಕೆ ಒಂದೂವರೆ ಅಡಿ, 1ಕ್ಕೆ ಮೂರು ಅಡಿ. ಆದುದರಿಂದ 12 ಗಂಟೆಯೇ ನಮ್ಮ ಗಡಿ. ಇಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಬೇಕು. ಜಾರುವ ಕಲ್ಲುಗಳ ಮೇಲೆ ಗಂಟೆಗೊಂದು ಮೈಲಿಯಂತೆ ತೀರದ ನಡಿಗೆಗೆ ಮೂರು ಗಂಟೆ. ದಾರಿಯಲ್ಲಿ ಮಕಾ ಜನರ ಪೂರ್ವಿಕರು ಬಂಡೆಗಳ ಮೇಲೆ ಕೊರೆದ ಚಿತ್ರಗಳನ್ನು ನೋಡಲು ಅರ್ಧ ಗಂಟೆ. ಎಂದರೆ ಎಂಟೂವರೆಗೆ ಅಲಾವಾದಲ್ಲಿರಬೇಕು. ಕಾಡಿನ ಹಾದಿಗೆ ಎರಡು ಗಂಟೆ ಹಿಡಿದರೆ ಡೇರೆಯನ್ನು ಆರೂವರೆಗೇ ಬಿಡಬೇಕು. ನೀರು ಇಳಿಯುತ್ತಿರುವಾಗಲೇ ತೀರಕ್ಕೆ ಕಾಲಿಡುವುದರಲ್ಲಿ ಇನ್ನೊಂದು ಲಾಭವುಂಟು: ಮೊದಲ ಚಾಚಿನಲ್ಲಿ ನೀರು ಹೆಚ್ಚಾಗಿ ಕಂಡರೆ ಕಾಯುತ್ತ ನಿಂತರಾಯಿತು, ದಾರಿ ತಾನೇ ತೆರೆಯುತ್ತದೆ.

ಎರಡು ಎಚ್ಚರಿಕೆಗಳು ಅವಶ್ಯಕ. ಬೇಸಗೆಯಲ್ಲಿ ಅಲ್ಲಿಯ ಗಡಿಯಾರಗಳನ್ನು ಒಂದು ಗಂಟೆ ಮುಂದಿಡುತ್ತಾರೆ. ಪಟ್ಟಿ ಯಾವ ಕಾಲಮಾನದಲ್ಲಿದೆಯೆಂದು ನೋಡದಿದ್ದರೆ ಇಡೀ ಲೆಕ್ಕ ಒಂದು ಗಂಟೆ ತಪ್ಪುತ್ತದೆ. ಎರಡನೆಯದಾಗಿ, ಪಟ್ಟಿಯು ಸೂರ್ಯಚಂದ್ರರ ಚಲನೆಯನ್ನು ಬಲ್ಲದು, ಬಿರುಗಾಳಿಯನ್ನರಿಯದು. ವಾಯುಭಾರ 30 ಮಿಲಿಬಾರಿನಷ್ಟು ಕುಸಿದರೆ ಸಮುದ್ರದ ಮಟ್ಟ ಸುಮಾರು ಒಂದಡಿ ಏರಬಲ್ಲದು. ಗಾಳಿ ದಡದತ್ತ ತಳ್ಳುವ ನೀರು ಇದರ ಮೇಲೆ. ದಡದಲ್ಲಿ ಬಿದ್ದಿರುವ ಭಾರಿ ಮರದ ದಿಮ್ಮಿಗಳನ್ನು ಅಲೆಗಳು ಎತ್ತಿ ಎಸೆಯುತ್ತವೆ; ಅವುಗಳ ಬಳಿ ನಿಂತವರು ಪ್ರಾಣ ಕಳೆದುಕೊಂಡದ್ದುಂಟು. ಹವಾಮಾನದ ಮುನ್ಸೂಚನೆ ಕೆಟ್ಟದಾಗಿದ್ದರೆ ಆ ದಿನ ಕಾಡಿನ ಹಾದಿಯೇ ಸಾಕು.

ಡೇರೆ, ಆಹಾರ, ಮಳೆಯ ಅಂಗಿ ಇವುಗಳ ಪಟ್ಟಿಯನ್ನು ಯಾರಾದರೂ ಮಾಡಿಯಾರು. ಆದರೆ ಪ್ರವಾಸದ ದಿನವನ್ನೇ ಗೊತ್ತುಪಡಿಸುವ ಪಟ್ಟಿ ಬೇರೆ. ರಜೆ ಯಾವಾಗ ಎಂದು ಕೇಳುವ ಮುನ್ನ ಇಳಿತ ಯಾವಾಗ ಎಂದು ಕೇಳುವವನೇ ಕಡಲಂಚಿನಲ್ಲಿ ನಿಶ್ಚಿಂತೆಯಿಂದ ನಡೆಯಬಲ್ಲನು.