ಹೊರಗೆ ಒಂದೇ ಮುಖ, ಒಳಗೆ ಯಾರು?

1978ರ 'ಶಂಕರ್ ಗುರು' ನೆನಪಿದೆಯಲ್ಲ? ಅಣ್ಣಾವ್ರು ಒಬ್ಬರೇ... ಪಾತ್ರ ಮೂರು! ಮುಖ ಒಂದೇ ಆದರೂ ಯಾರು ಶಂಕರ್, ಯಾರು ಗುರು ಅಂತ ಅಭಿಮಾನಿ ನಡಿಗೆ ನೋಡಿಯೇ ಹೇಳಿಬಿಡುತ್ತಾನೆ. ಆದರೆ ಕಂಪ್ಯೂಟರ್ ಅಂಗಡಿಯ ಗಾಜಿನ ಬೀರುವಿನಲ್ಲೂ ಒಬ್ಬ ಬಹುಪಾತ್ರಧಾರಿ ಕೂತಿದ್ದಾನೆ. ಅವನನ್ನು ಗುರುತು ಹಿಡಿಯೋದು ಅಷ್ಟು ಸುಲಭವಲ್ಲ!

ಹೆಸರು 'ಈಸಿಕ್ಯಾಪ್'. ಅಂಗೈಯಲ್ಲಿ ಅಡಗುವ ಡಬ್ಬಿ. ಒಂದು ತುದಿಗೆ ಹಳದಿ, ಬಿಳಿ, ಕೆಂಪು ಸಾಕೆಟ್ಟು, ಇನ್ನೊಂದು ತುದಿಗೆ ಯುಎಸ್‌ಬಿ. ವಿಸಿಆರ್‌ನಲ್ಲಿ ಓಡುವ ಕ್ಯಾಸೆಟ್ಟಿನ ಚಿತ್ರವನ್ನು ಕಂಪ್ಯೂಟರಿಗೆ ಇಳಿಸುವುದೇ ಇದರ ಕೆಲಸ.

ಈಗ ಯಾಕಪ್ಪಾ ಇದು ಅಂತೀರಾ? ನಿಮ್ಮ ಮನೆ ಅಟ್ಟ ಹತ್ತಿ ನೋಡಿ. ಅಕ್ಕನ ಮದುವೆ, ಊರಹಬ್ಬದ ನಾಟಕದಲ್ಲಿ ಗದೆ ಹಿಡಿದು ಕುಣಿದ ಅಪ್ಪ... ಎಲ್ಲ ಆ ಕಪ್ಪು ಪೆಟ್ಟಿಗೆಯೊಳಗೇ ಇದೆ. ಟೇಪಿಗೆ ಬೂಷ್ಟು ಹಿಡಿಯುತ್ತಿದೆ. ಜಪಾನಿನ ಫುನಾಯ್ ಕಂಪನಿ 2016ರಲ್ಲೇ ವಿಸಿಆರ್ ತಯಾರಿಕೆ ನಿಲ್ಲಿಸಿತು!

ಡ್ರೈವರ್ ಇಲ್ಲದ ಬಸ್ಸು

ಕಾಸಿಲ್ಲದ ಹುಡುಗರಿಗೆ ಲಿನಕ್ಸ್ ದೊಡ್ಡ ಆಸರೆ. ಬಿಟ್ಟಿಯಾಗಿ ಸಿಗುತ್ತೆ, ಹಳೇ ಕಂಪ್ಯೂಟರಿನಲ್ಲೂ ಓಡುತ್ತೆ. ಬಿಟ್ಟಿ ಅಂತ ಹಗುರವಾಗಿ ನೋಡಬೇಡಿ! 1997ರ 'ಟೈಟಾನಿಕ್' ಚಿತ್ರದ ಕಂಪ್ಯೂಟರ್ ದೃಶ್ಯಗಳಿಗೆ ಡಿಜಿಟಲ್ ಡೊಮೇನ್ ಸಂಸ್ಥೆ ನೂರಕ್ಕೂ ಹೆಚ್ಚು ಲಿನಕ್ಸ್ ಯಂತ್ರಗಳನ್ನು ದುಡಿಸಿಕೊಂಡಿತ್ತು.

ಆದರೆ ಡಬ್ಬಿಯೊಳಗಿನ ಚಿಪ್ಪನ್ನು ನಡೆಸಲು ಡ್ರೈವರ್ ಎಂಬ ತಂತ್ರಾಂಶ ಬೇಕು. ಡ್ರೈವರ್ ಬರದೆ ಬಸ್ಸು ಡಿಪೋ ಬಿಟ್ಟು ಹೊರಡುತ್ತದೆಯೇ? ಇಲ್ಲೂ ಅಷ್ಟೇ.

ಗುಟ್ಟು ಇರುವುದೇ ಇಲ್ಲಿ! ಒಂದೇ ಬಣ್ಣದ, ಒಂದೇ ಹೆಸರಿನ ಡಬ್ಬಿಯಲ್ಲಿ ಬೇರೆ ಬೇರೆ ಚಿಪ್ಪು. ಎಸ್‌ಟಿಕೆ 1160 ಇದ್ದರೆ ಚಿಂತೆಯಿಲ್ಲ, 2012ರಿಂದ ಅದರ ಡ್ರೈವರ್ ಲಿನಕ್ಸ್ ಒಳಗೇ ಇದೆ. ಇಎಂ 2860 ಬಂದರೂ ಸರಿ. ಮೂರನೆಯವನ ಹೆಸರು ಯುಟಿವಿ 007... ಸಾಕ್ಷಾತ್ ಬಾಂಡ್! ಅವನೂ ಮಿತ್ರನೇ. ಖಳನಾಯಕ ಸೋಮಾಜಿಕ್ ಕಂಪನಿಯ ಚಿಪ್ಪು. ಅದನ್ನು ಎಬ್ಬಿಸಲು ವಿಂಡೋಸ್ ಡ್ರೈವರಿನ ಹೊಟ್ಟೆಯಿಂದ ಫರ್ಮ್‌ವೇರ್ ಕಿತ್ತು ತರಬೇಕು. ಹೊಸಬರಿಗೆ ಅದು ಬೇಡ.

ಮುಖವಾಡ ಕಳಚುವ ಬಗೆ

ಲಿನಕ್ಸ್ ಹಾಕಿದ ಪೆನ್‌ಡ್ರೈವ್ ಜೇಬಿನಲ್ಲಿಟ್ಟು ಗೆಳೆಯನ ಲ್ಯಾಪ್‌ಟಾಪ್ ಸಮೇತ ಅಂಗಡಿಗೆ ಹೋಗಿ. ದುಡ್ಡು ಕೊಡುವ ಮುಂಚೆ ಡಬ್ಬಿ ಚುಚ್ಚಿ 'ಎಲ್‌ಎಸ್‌ಯುಎಸ್‌ಬಿ' ಅಂತ ಆಜ್ಞೆ ಕೊಡಿ. ತೆರೆಯ ಮೇಲೆ ಸಿಂಟೆಕ್, ಎಂಪಿಯಾ ಅಥವಾ ಫುಶಿಕಾಯ್ ಎಂಬ ಹೆಸರು ಮೂಡಿದರೆ ಕೊಳ್ಳಿ. ಸೋಮಾಜಿಕ್ ಅಂತ ಬಂದರೆ ನಗುನಗುತ್ತಾ ವಾಪಸ್ ಕೊಟ್ಟುಬಿಡಿ! ಅಂಗಡಿಯವ ಚುಚ್ಚಲು ಬಿಡದಿದ್ದರೆ? ಬದಲಾಯಿಸಿಕೊಡ್ತೀನಿ ಅಂತ ಬಿಲ್ಲಿನ ಮೇಲೆ ಬರೆಸಿಕೊಳ್ಳಿ.

ಮನೆಗೆ ಬಂದ ಮೇಲೆ ಇನ್ನೊಂದು ಮಾತು. ನಮ್ಮ ಕ್ಯಾಸೆಟ್ಟುಗಳು ಪಾಲ್ ಪದ್ಧತಿಯವು, ಸೆಕೆಂಡಿಗೆ 25 ಚಿತ್ರ. ತಂತ್ರಾಂಶದಲ್ಲಿ ಅಮೆರಿಕದ ಎನ್‌ಟಿಎಸ್‌ಸಿ ಆರಿಸಿದ್ದರೆ ಬಣ್ಣ ಹೋಗುತ್ತೆ, ಚಿತ್ರ ಉರುಳುತ್ತೆ. ಡಬ್ಬಿ ಕೆಟ್ಟಿದೆ ಅಂತ ಬೈಯುವ ಮುಂಚೆ ಅದನ್ನು ನೋಡಿ.

ಮೊದಲು ಬೇಡದ ಕ್ಯಾಸೆಟ್ ಓಡಿಸಿ ಪರೀಕ್ಷೆ ಮಾಡಿ. ಅಪ್ಪನ ನಾಟಕದ್ದು ಆಮೇಲೆ. ಹಳೇ ಟೇಪು ಇನ್ನೊಂದೇ ಸಲ ಓಡೀತು... ಆ ಒಂದು ಸಲ ಅವರ ದನಿ, ಅವರ ಕುಣಿತ ಪೂರ್ತಿ ಸಿಗಬೇಕು. ಅದಕ್ಕೆ ರೀಟೇಕ್ ಇಲ್ಲ!